ಗರ್ಭಿಣಿಯ ಆರೈಕೆ: ಗಂಡಸರ ಹೊಣೆಯೂ ಹೌದು

(ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದ ಓದುಗರಿಗಾಗಿ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಹಾಗೂ ಅನುಚರರ ಮೇಲೆ ಶಾಂತಿ ಮತ್ತು ಅನುಗ್ರಹ ಇರಲಿ.



ಇಂದಿನ ವಿಷಯ ಕೇಳಿದಾಗ ಕೆಲವರಿಗೆ ಆಶ್ಚರ್ಯವಾಗಬಹುದು. ಗರ್ಭಿಣಿಯರ ಆರೋಗ್ಯದ ಮಾತನ್ನು ಗಂಡಸರೇ ಸೇರಿರುವ ಜುಮಾದಲ್ಲಿ ಯಾಕೆ ಆಡಬೇಕು, ಅದು ಹೆಂಗಸರು ಒಳಮನೆಯಲ್ಲಿ ಮಾತಾಡಿಕೊಳ್ಳುವ ವಿಷಯವಲ್ಲವೇ ಎಂದು. ಆದರೆ ಸ್ವಲ್ಪ ಯೋಚಿಸಿ. ಮನೆಗೆ ಏನು ತರಕಾರಿ, ಏನು ಹಣ್ಣು ಬರಬೇಕೆಂದು ನಿರ್ಧರಿಸುವವರು ಯಾರು? ಆಸ್ಪತ್ರೆಗೆ ಇವತ್ತು ಹೋಗೋಣವೋ, ನಾಳೆ ನೋಡೋಣವೋ ಎಂದು ಹೇಳುವವರು ಯಾರು? ರಾತ್ರಿ ಎರಡು ಗಂಟೆಗೆ ಗಾಡಿ ತರಿಸಬೇಕಾದವರು ಯಾರು? ಹೆಚ್ಚಿನ ಮನೆಗಳಲ್ಲಿ ಇದೆಲ್ಲ ಗಂಡಸರ ಕೈಯಲ್ಲಿದೆ. ನಿರ್ಧಾರ ನಮ್ಮ ಕೈಯಲ್ಲಿದ್ದರೆ ಅಲ್ಲಾಹನ ಮುಂದೆ ಉತ್ತರವನ್ನೂ ನಾವೇ ಕೊಡಬೇಕು. ನಿಮ್ಮಲ್ಲಿ ಪ್ರತಿಯೊಬ್ಬನೂ ಒಬ್ಬ ಕುರುಬನಂತೆ, ತನ್ನ ಹಿಂಡಿನ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು ಎಂಬ ಅರ್ಥದ ಪ್ರವಾದಿವಚನ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆದ್ದರಿಂದ ಇದು ನಮ್ಮ ವಿಷಯವೇ.

ಕುರ್‌ಆನ್ ತಾಯಿಯ ಕಷ್ಟವನ್ನು ಲೆಕ್ಕಕ್ಕೆ ಹಿಡಿದಿದೆ

ಸೂರಃ ಲುಕ್ಮಾನ್‌ನ 14ನೇ ವಚನದಲ್ಲಿ ಹೆತ್ತವರಿಗೆ ಒಳಿತು ಮಾಡಬೇಕೆಂದು ಆದೇಶಿಸುವಾಗ ಅಲ್ಲಾಹನು, ತಾಯಿಯು ನಿಶ್ಶಕ್ತಿಯ ಮೇಲೆ ನಿಶ್ಶಕ್ತಿ ಅನುಭವಿಸುತ್ತಾ ಮಗುವನ್ನು ಹೊರುವುದನ್ನು ಪ್ರತ್ಯೇಕವಾಗಿ ನೆನಪಿಸಿದ್ದಾನೆ. ಸೂರಃ ಅಲ್ ಅಹ್‌ಕಾಫ್‌ನ 15ನೇ ವಚನದಲ್ಲೂ ಅವಳು ಕಷ್ಟದಿಂದ ಹೊತ್ತು ಕಷ್ಟದಿಂದಲೇ ಹೆರುತ್ತಾಳೆ ಎಂದಿದ್ದಾನೆ. ಗರ್ಭ ಧರಿಸುವುದು ಸಹಜ, ನಮ್ಮ ಅಜ್ಜಿಯರು ಹತ್ತು ಹೆತ್ತರು, ಇವರಿಗೇನು ವಿಶೇಷ ಎಂದು ಹಗುರವಾಗಿ ಮಾತಾಡುವವರು ಈ ವಚನಗಳನ್ನು ಗಮನಿಸಬೇಕು. ಆ ಅಜ್ಜಿಯರು ಹತ್ತು ಹೆತ್ತದ್ದು ನಿಜ. ಹತ್ತರಲ್ಲಿ ಎಷ್ಟು ಮಕ್ಕಳನ್ನು ಖಬರಸ್ಥಾನಕ್ಕೆ ಒಯ್ದರು ಎಂಬುದನ್ನೂ ಅವರೇ ಹೇಳುತ್ತಿದ್ದರು.

ಸೂರಃ ಮರ್ಯಮ್‌ನಲ್ಲಿ ಮರ್ಯಮ್(ಅ)ರ ಹೆರಿಗೆಯ ಪ್ರಸ್ತಾಪವಿದೆ. ಒಬ್ಬಂಟಿಯಾಗಿ, ನೋವಿನಿಂದ, ಇದಕ್ಕಿಂತ ಮೊದಲೇ ಸತ್ತಿದ್ದರೆ ಒಳ್ಳೆಯದಿತ್ತು ಎನ್ನುವ ಸ್ಥಿತಿಯಲ್ಲಿ ಅವರಿದ್ದಾಗ ಅಲ್ಲಾಹನು ಅವರಿಗೆ ಒದಗಿಸಿದ್ದು ಏನು? ಕಾಲಬುಡದಲ್ಲಿ ಹರಿಯುವ ನೀರು, ಮರದಿಂದ ಉದುರುವ ತಾಜಾ ಖರ್ಜೂರ, ದುಃಖಿಸಬೇಡ ಎಂಬ ಸಾಂತ್ವನ. ಉಪದೇಶಕ್ಕಿಂತ ಮೊದಲು ಶುದ್ಧ ನೀರು, ಪೌಷ್ಟಿಕ ಆಹಾರ ಮತ್ತು ಮನಸ್ಸಿನ ನೆಮ್ಮದಿ ಅವರಿಗೆ ಸಿಕ್ಕಿತು. ಗರ್ಭಿಣಿಗೆ ಇಂದಿಗೂ ಬೇಕಿರುವುದು ಈ ಮೂರೇ.

ಇನ್ನೊಂದು ವಚನವನ್ನು ಗಂಡಂದಿರು ವಿಶೇಷವಾಗಿ ಗಮನಿಸಬೇಕು. ಸೂರಃ ಅತ್ತಲಾಕ್‌ನ 6ನೇ ವಚನವು, ತಲಾಕ್ ಕೊಟ್ಟ ಹೆಂಡತಿ ಗರ್ಭಿಣಿಯಾಗಿದ್ದರೆ ಹೆರಿಗೆಯಾಗುವ ತನಕ ಅವಳ ಖರ್ಚನ್ನು ಭರಿಸಬೇಕೆಂದು ಆದೇಶಿಸುತ್ತದೆ. ದಾಂಪತ್ಯ ಮುರಿದ ಮೇಲೂ ಹೊಟ್ಟೆಯಲ್ಲಿರುವ ಮಗುವಿಗಾಗಿ ತಾಯಿಯನ್ನು ಪೋಷಿಸಬೇಕು ಎಂದ ಮೇಲೆ, ಒಂದೇ ಸೂರಿನಡಿ ನಮ್ಮೊಂದಿಗೆ ಬಾಳುತ್ತಿರುವ ಹೆಂಡತಿಯ ಹಕ್ಕು ಎಷ್ಟು ದೊಡ್ಡದಿರಬೇಕು! ಹೆರಿಗೆ ಮತ್ತು ಚಿಕಿತ್ಸೆಯ ಖರ್ಚೆಲ್ಲ ತವರಿನವರದ್ದು ಎಂದು ಕೈತೊಳೆದುಕೊಳ್ಳುವ ಪದ್ಧತಿ ನಮ್ಮಲ್ಲಿ ಕೆಲವೆಡೆ ಇದೆ. ತವರಿನವರು ಪ್ರೀತಿಯಿಂದ ಮಾಡಿದರೆ ಅದು ಅವರ ಔದಾರ್ಯ. ಆದರೆ ಹೊಣೆ ಮಗುವಿನ ತಂದೆಯದ್ದು.

ಒಂಬತ್ತು ತಿಂಗಳು, ಒಂದು ಆಯುಷ್ಯ

ಗರ್ಭದಲ್ಲಿ ಸಿಗುವ ಪೋಷಣೆಯ ಪರಿಣಾಮ ಹೆರಿಗೆಯ ದಿನಕ್ಕೇ ಮುಗಿಯುವುದಿಲ್ಲ. ಇದಕ್ಕೆ ನಮ್ಮ ಕರ್ನಾಟಕದಲ್ಲೇ ಒಂದು ಪ್ರಸಿದ್ಧ ಪುರಾವೆಯಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದವನ್ನು ಬರೆದಿಟ್ಟ ದಾಖಲೆಗಳಿದ್ದವು. ದಶಕಗಳ ನಂತರ ಸಂಶೋಧಕರು ಆ ಶಿಶುಗಳಲ್ಲಿ ಅನೇಕರನ್ನು ಹುಡುಕಿ ಪರೀಕ್ಷಿಸಿದರು. ಅಷ್ಟರಲ್ಲಿ ಅವರು ನಡುವಯಸ್ಸು ದಾಟುತ್ತಿದ್ದರು. 1996ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡುಬಂತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ ಹಾಲೆಂಡಿನ ಜನ ಹಸಿವಿನಿಂದ ನರಳಿದಾಗ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳ ಆರೋಗ್ಯವನ್ನೂ ಹೀಗೆಯೇ ಗಮನಿಸಲಾಗಿದೆ. ಅವರಲ್ಲೂ ಮುಂದೆ ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆಗಳ ಅಪಾಯ ಹೆಚ್ಚಿತ್ತು. ಅಂದರೆ ಇವತ್ತು ಗರ್ಭಿಣಿಯ ತಟ್ಟೆಗೆ ನಾವು ಏನು ಬಡಿಸುತ್ತೇವೆಯೋ ಅದು ಐವತ್ತು ವರ್ಷದ ನಂತರ ಆ ಮಗುವಿನ ಆರೋಗ್ಯದಲ್ಲಿ ಕಾಣಿಸಿಕೊಳ್ಳಬಹುದು. ಮಗು ಅಲ್ಲಾಹನ ಅಮಾನತ್. ಆ ಅಮಾನತ್ತಿನ ಕಾವಲು ಹುಟ್ಟಿದ ದಿನದ ಅಝಾನ್‌ನಿಂದ ಶುರುವಾಗುವುದಲ್ಲ, ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ.

ಊಟ, ರಕ್ತ ಮತ್ತು ಮಾತ್ರೆ

ನಮ್ಮ ಮನೆಗಳಲ್ಲಿ ಹೆಂಗಸರು ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದದ್ದನ್ನು ಉಣ್ಣುತ್ತಾರೆ. ಸಾರಿನಲ್ಲಿದ್ದ ಮೀನು ಗಂಡಸರ ತಟ್ಟೆಗೆ, ಉಳಿದ ತಿಳಿಸಾರು ಸೊಸೆಯ ತಟ್ಟೆಗೆ. ಈ ಕ್ರಮ ಗರ್ಭಿಣಿ ಇರುವ ಮನೆಯಲ್ಲಾದರೂ ಬದಲಾಗಬೇಕು. ಜಾಸ್ತಿ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಊಟ ಕಡಿಮೆ ಮಾಡಿಸುವವರೂ ಇದ್ದಾರೆ. ಇದು ತಪ್ಪು ಕಲ್ಪನೆ. ರಾಗಿ, ಬೇಳೆ, ಹೆಸರುಕಾಳು, ಮೊಟ್ಟೆ, ಮೀನು, ಹಾಲು, ನುಗ್ಗೆಸೊಪ್ಪು, ಹರಿವೆಸೊಪ್ಪು, ಪೇರಳೆ, ಬಾಳೆಹಣ್ಣು, ಖರ್ಜೂರ ಇವೆಲ್ಲ ನಮ್ಮ ಮಲೆನಾಡಿನ ಸಂತೆಗಳಲ್ಲಿ ಸಿಗುವ ವಸ್ತುಗಳೇ. ದುಬಾರಿ ಟಾನಿಕ್ ಡಬ್ಬಿಗಳಿಗೆ ಹಣ ಹಾಕುವ ಮೊದಲು ಇವು ಮನೆಯಲ್ಲಿವೆಯೇ ಎಂದು ನೋಡಿ.

ರಕ್ತಹೀನತೆ ನಮ್ಮ ದೇಶದ ಗರ್ಭಿಣಿಯರ ಮುಖ್ಯ ಸಮಸ್ಯೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ತೀವ್ರ ಸ್ಥಿತಿ. ಅಂಥ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಅಪಾಯ. ಮಗು ಅವಧಿಗೆ ಮೊದಲೇ, ಕಡಿಮೆ ತೂಕದಲ್ಲಿ ಹುಟ್ಟುವ ಸಾಧ್ಯತೆಯೂ ಇದೆ.

ಇದಕ್ಕಾಗಿಯೇ ಸರಕಾರ ಕಬ್ಬಿಣಾಂಶದ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತದೆ. ಮೂರು ತಿಂಗಳು ಕಳೆದ ಮೇಲೆ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಮೊದಲ ಮೂರು ತಿಂಗಳಿಗೆ ಫೋಲಿಕ್ ಆಸಿಡ್ ಮಾತ್ರೆ ಬೇರೆ ಇದೆ. ಮಗುವಿನ ಮೆದುಳು, ಬೆನ್ನುಹುರಿ ಸರಿಯಾಗಿ ರೂಪುಗೊಳ್ಳಲು ಅದು ಮುಖ್ಯ. ಮಾತ್ರೆ ತಂದಿಟ್ಟರೆ ಸಾಲದು, ಹೊಟ್ಟೆ ಸೇರಬೇಕು. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುವುದು ಸಹಜ, ಭಯಪಡಬೇಕಿಲ್ಲ. ಮಗು ಕಪ್ಪಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಚಹಾ, ಕಾಫಿಯ ಜೊತೆ ಈ ಮಾತ್ರೆ ನುಂಗಿದರೆ ಕಬ್ಬಿಣಾಂಶ ದೇಹಕ್ಕೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಅದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ರಾತ್ರಿ ಊಟವಾದ ಮೇಲೆ, ಆದರೆ ನಿಂಬೆ ಪಾನಕದೊಂದಿಗೆ ನುಂಗಿದರೆ ಒಳ್ಳೆಯದು. ಇಶಾ ನಮಾಝ್ ಮುಗಿಸಿ ಮನೆಗೆ ಬಂದ ಗಂಡ, ಮಾತ್ರೆ ನುಂಗಿದೆಯಾ ಎಂದು ಕೇಳುವುದು ದೊಡ್ಡ ಕೆಲಸವೇನಲ್ಲ. ಆದರೆ 180 ದಿನ ಕೇಳಿದರೆ ಅದೊಂದು ಸತ್ಕರ್ಮ.

ಒಂದು ಮಾತು ನಮ್ಮ ಅಡಿಕೆಯ ಬಗ್ಗೆ. ಈ ಮೂರು ತಾಲೂಕುಗಳಲ್ಲಿ ಅಡಿಕೆ ಅನೇಕರ ಅನ್ನ. ತೋಟ ಇದ್ದವರು, ವ್ಯಾಪಾರ ಮಾಡುವವರು, ಸುಲಿಯುವ ಕೂಲಿಗೆ ಹೋಗುವವರು ನಮ್ಮಲ್ಲೂ ಇದ್ದಾರೆ. ದುಡಿಮೆ ಬೇರೆ, ಜಗಿಯುವುದು ಬೇರೆ. ಗರ್ಭಿಣಿ ಎಲೆ-ಅಡಿಕೆ ಜಗಿದರೆ ಮಗುವಿನ ತೂಕ ಕಡಿಮೆಯಾಗುವ ಸಂಭವ ಇದೆಯೆಂದು ಅಧ್ಯಯನಗಳು ತೋರಿಸಿವೆ. ಹೊಗೆಸೊಪ್ಪು ಸೇರಿದರೆ ಹಾನಿ ಇನ್ನೂ ಹೆಚ್ಚು. ಗಂಡ ಮನೆಯೊಳಗೆ ಬೀಡಿ, ಸಿಗರೇಟು ಸೇದಿದರೆ ಆ ಹೊಗೆಯೂ ಮಗುವಿಗೆ ಮುಟ್ಟುತ್ತದೆ. ಸುಲಿಗೆಯ ಕಾಲದಲ್ಲಿ ರಾತ್ರಿ ಬಹುಹೊತ್ತು ಒಂದೇ ಭಂಗಿಯಲ್ಲಿ ಕೂರುವ ಕೆಲಸದಿಂದ ಅವಳಿಗೆ ಬಿಡುವು ಕೊಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವ, ಔಷಧಿ ಬಳಿದ ಬಟ್ಟೆ ಒಗೆಯುವ ಕೆಲಸವನ್ನು ಅವಳಿಗೆ ಹಚ್ಚಬೇಡಿ.

ನೀರು, ಕಾಮಾಲೆ ಮತ್ತು ಕಾಡಿನ ಜ್ವರ

ಮಳೆಗಾಲದಲ್ಲಿ ನಮ್ಮ ಬಾವಿಗಳಿಗೆ ಮೇಲಿನ ನೀರು ಹರಿದು ಸೇರುತ್ತದೆ. ನೋಡಲು ತಿಳಿಯಾಗಿದ್ದರೂ ಅದರಲ್ಲಿ ರೋಗಾಣು ಇರಬಹುದು. ನೀರಿನಿಂದ ಬರುವ ಹೆಪಟೈಟಿಸ್ ಇ ಎಂಬ ಕಾಮಾಲೆ ಸಾಮಾನ್ಯರಲ್ಲಿ ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಹಸಿರು ಮದ್ದು ಕುಡಿದವರೆಲ್ಲ ಮದ್ದಿನಿಂದಲೇ ಗುಣವಾಯಿತು ಎಂದುಕೊಳ್ಳುತ್ತಾರೆ. ಆದರೆ ಗರ್ಭಿಣಿಯ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕೊನೆಯ ಮೂರು ತಿಂಗಳಲ್ಲಿ ಈ ಕಾಮಾಲೆ ತಗಲಿದ ನೂರು ಗರ್ಭಿಣಿಯರಲ್ಲಿ 20ರಿಂದ 25 ಮಂದಿಯವರೆಗೆ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಕಣ್ಣು, ಮೂತ್ರ ಹಳದಿಯಾದ ಗರ್ಭಿಣಿಯನ್ನು ಮದ್ದು ಕೊಡುವವರ ಮನೆ ಬಾಗಿಲಿಗೆ ಅಲ್ಲ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಕುಡಿಯುವ ನೀರನ್ನು ಕುದಿಸಿ ಆರಿಸಿ ಕೊಡಿ. ಬಚ್ಚಲೊಲೆಗೆ ಸೌದೆ ಇದ್ದ ಮೇಲೆ ಒಂದು ಕೊಡ ಕುಡಿಯುವ ನೀರು ಕುದಿಸುವುದು ಭಾರವಲ್ಲ.

ಇನ್ನೊಂದು ನಮ್ಮ ನೆಲದ ಕಾಯಿಲೆ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಇದು ಮೊದಲು ಪತ್ತೆಯಾಯಿತು. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗ ಅನುಭವಿಸಿದ ಸಂಕಟವನ್ನು ಯಾರೂ ಮರೆತಿಲ್ಲ. ತೀರ್ಥಹಳ್ಳಿ, ಹೊಸನಗರಗಳೂ ಇದರ ಬಿಸಿ ಉಂಡಿವೆ. ಚಳಿಗಾಲದಿಂದ ಮಳೆ ಹಿಡಿಯುವ ತನಕ ಉಣುಗುಗಳ ಕಾಟ ಜಾಸ್ತಿ. ಈ ತಿಂಗಳುಗಳಲ್ಲಿ ಗರ್ಭಿಣಿಯನ್ನು ದರಗು ತರಲು, ಸೌದೆ ಆಯಲು, ದನ ಹುಡುಕಲು ಕಾಡಿಗೆ ಕಳಿಸಬೇಡಿ. ಕಾಡಿಗೆ ಹೋಗಿ ಬಂದ ಗಂಡಸರು ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬದಲಿಸಿ ಒಳಗೆ ಬನ್ನಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ, ತಲೆನೋವು, ಮೈಕೈ ನೋವು ಬಂದ ಗರ್ಭಿಣಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ಕೊಡಬೇಡಿ. ಕೆಲವು ನೋವಿನ ಗುಳಿಗೆಗಳು ಈ ಕಾಯಿಲೆಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ, ಗರ್ಭದಲ್ಲಿರುವ ಮಗುವಿಗೂ ಒಳ್ಳೆಯದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅವಳು ಗರ್ಭಿಣಿ ಎಂದು ಮೊದಲೇ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿ.

ರಮಝಾನ್ ಉಪವಾಸ ಮತ್ತು ಗರ್ಭಿಣಿ

ಶಅಬಾನ್ ನಡೆಯುತ್ತಿದೆ, ರಮಝಾನ್ ಹೊಸ್ತಿಲಲ್ಲಿದೆ. ಈ ವಿಷಯವನ್ನು ಈಗಲೇ ಸ್ಪಷ್ಟಪಡಿಸಬೇಕು. ಅಲ್ಲಾಹನು ಯಾತ್ರಿಕನಿಗೆ ಉಪವಾಸದ ರಿಯಾಯಿತಿ ಕೊಟ್ಟಂತೆ ಗರ್ಭಿಣಿ ಮತ್ತು ಹಾಲೂಡಿಸುವ ತಾಯಿಗೂ ರಿಯಾಯಿತಿ ಕೊಟ್ಟಿದ್ದಾನೆ ಎಂಬ ಪ್ರವಾದಿ(ಸ)ರ ವಚನ ತಿರ್ಮಿದಿ, ಅಬೂದಾವೂದ್ ಮುಂತಾದ ಹದೀಸ್ ಗ್ರಂಥಗಳಲ್ಲಿದೆ. ತನಗೆ ಅಥವಾ ಮಗುವಿಗೆ ತೊಂದರೆಯಾಗುವ ಭಯವಿದ್ದರೆ ಗರ್ಭಿಣಿ ಉಪವಾಸ ಬಿಡಬಹುದು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಮತವಿಲ್ಲ. ನಂತರ ಹೇಗೆ ತುಂಬಿಕೊಡಬೇಕು ಎಂಬುದರಲ್ಲಿ ಮಾತ್ರ ವ್ಯತ್ಯಾಸವಿದೆ. ಹನಫೀ ಮದ್‌ಹಬ್‌ನಲ್ಲಿ ಬಿಟ್ಟ ದಿನಗಳನ್ನು ಖಝಾ ಮಾಡಿದರೆ ಸಾಕು. ಶಾಫಿಈ ಮದ್‌ಹಬ್‌ನಲ್ಲಿ, ಮಗುವಿನ ಕುರಿತ ಭಯದಿಂದ ಮಾತ್ರ ಬಿಟ್ಟಿದ್ದರೆ ಖಝಾ ಜೊತೆಗೆ ಫಿದ್‌ಯಾ ಕೂಡ ಇದೆ. ನಮ್ಮ ಭಾಗದಲ್ಲಿ ಎರಡೂ ಮದ್‌ಹಬ್‌ನವರು ಇರುವುದರಿಂದ ಅವರವರ ಆಲಿಮರಲ್ಲಿ ಕೇಳಿಕೊಳ್ಳಿ.

ಎಲ್ಲ ಗರ್ಭಿಣಿಯರೂ ಉಪವಾಸ ಬಿಡಲೇಬೇಕೆಂದು ನಾನು ಹೇಳುತ್ತಿಲ್ಲ. ಆರೋಗ್ಯವಂತಳಾಗಿದ್ದು, ವೈದ್ಯರನ್ನು ಕೇಳಿ, ತನಗೆ ಸಾಧ್ಯ ಎನಿಸಿದರೆ ಅವಳು ಇರಿಸಬಹುದು. ಆದರೆ ರಕ್ತ ಕಡಿಮೆ ಇರುವವಳು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವಳು, ಅವಳಿ ಮಕ್ಕಳನ್ನು ಹೊತ್ತವಳು, ವಾಂತಿಯಿಂದ ಬಳಲುವವಳು ವೈದ್ಯರ ಮಾತನ್ನು ಮೀರಬಾರದು. ಉಪವಾಸವಿದ್ದಾಗ ತಲೆ ಸುತ್ತಿದರೆ, ಮೂತ್ರ ತೀರಾ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಮಗುವಿನ ಚಲನೆ ಕಡಿಮೆ ಎನಿಸಿದರೆ, ಹೊಟ್ಟೆನೋವು ಶುರುವಾದರೆ ಆ ಕ್ಷಣವೇ ನೀರು ಕುಡಿದು ಉಪವಾಸ ಮುರಿಯಬೇಕು. ಮಗ್ರಿಬ್‌ಗೆ ಇನ್ನೊಂದೇ ಗಂಟೆ ಎಂದು ಕಾಯಬಾರದು. ಉಪವಾಸ ಮುರಿದ ಮೇಲೂ ಮಗುವಿನ ಚಲನೆ ಸರಿಹೋಗದಿದ್ದರೆ, ನೋವು ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಬೇಕು.

ಇಲ್ಲಿ ಒಂದು ಘಟನೆ ನೆನಪಿಡಿ. ಅಬೂದಾವೂದ್ ವರದಿ ಮಾಡಿರುವಂತೆ, ಯಾತ್ರೆಯಲ್ಲಿ ಒಬ್ಬರ ತಲೆಗೆ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ ತಯಮ್ಮುಮ್‌ಗೆ ಅನುಮತಿ ಇದೆಯೇ ಎಂದು ಸಂಗಡಿಗರನ್ನು ಕೇಳಿದರು. ನೀರು ಇರುವಾಗ ಅನುಮತಿ ಇಲ್ಲ ಎಂದು ಅವರು ಹೇಳಿಬಿಟ್ಟರು. ಗಾಯಾಳು ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿ(ಸ), ಆ ಸಂಗಡಿಗರೇ ಅವರನ್ನು ಕೊಂದರೆಂದು ಕಟುವಾಗಿ ಖಂಡಿಸಿದರು. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು ಎಂದರು. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ನಾವು ತಡೆದರೆ ಅದು ಧರ್ಮನಿಷ್ಠೆಯಾಗುವುದಿಲ್ಲ. ಗರ್ಭಿಣಿ ಸೊಸೆ ಹಗಲು ನೀರು ಕುಡಿಯುವುದನ್ನು ಕಂಡು ಚುಚ್ಚಿ ಮಾತಾಡುವವರು, ಅಡುಗೆಮನೆಯ ಮೂಲೆಯಲ್ಲಿ ಕದ್ದು ತಿನ್ನುವ ಸ್ಥಿತಿಗೆ ಅವಳನ್ನು ತಳ್ಳುವವರು ಈ ಘಟನೆಯನ್ನು ಮತ್ತೊಮ್ಮೆ ಓದಲಿ. ರಮಝಾನ್‌ನಲ್ಲಿ ಅವಳಿಗೆ ಮಧ್ಯಾಹ್ನದ ಊಟ ಬಡಿಸುವುದೂ ಒಂದು ಪುಣ್ಯಕಾರ್ಯವೇ.

ತಾಯಿ ಕಾರ್ಡ್ ಪೆಟ್ಟಿಗೆಯಲ್ಲಿ ಇಡಲು ಅಲ್ಲ

ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದು ಇರಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ) ಬೋಧಿಸಿದ್ದಾರೆ. ಗರ್ಭ ನಿಂತಿದೆ ಎಂದು ತಿಳಿದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿ. ಕನಿಷ್ಠ ನಾಲ್ಕು ತಪಾಸಣೆ ಆಗಲೇಬೇಕು: ಮೊದಲನೆಯದು 12 ವಾರದೊಳಗೆ, ನಂತರ 14–26 ವಾರ, 28–34 ವಾರ, ಕೊನೆಯದು 36 ವಾರದ ನಂತರ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮೂತ್ರ, ಸಕ್ಕರೆ, ರಕ್ತದ ಗುಂಪು, ಸ್ಕ್ಯಾನಿಂಗ್ ಎಲ್ಲ ಆ ಕಾರ್ಡಿನಲ್ಲಿ ದಾಖಲಾಗಬೇಕು. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿ ವಿಶೇಷ ತಪಾಸಣೆ ನಡೆಯುತ್ತಿದೆ. ಅಂಗನವಾಡಿಯಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಪೌಷ್ಟಿಕ ಊಟವಿದೆ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಅರ್ಹರಿಗೆ ಮಾತೃವಂದನಾ ಯೋಜನೆಯಡಿ ಮೊದಲ ಮಗುವಿಗೆ 5000 ರೂಪಾಯಿ, ಎರಡನೆಯದು ಹೆಣ್ಣಾದರೆ 6000 ರೂಪಾಯಿ ಸಿಗುತ್ತದೆ. ಇದು ಯಾರೋ ಕೊಡುವ ದಾನವಲ್ಲ, ನಿಮ್ಮ ಹಕ್ಕು. ಸಂಕೋಚಪಡಬೇಡಿ.

ಮಹಿಳಾ ವೈದ್ಯರು ಸಿಕ್ಕರೆ ಒಳ್ಳೆಯದು. ಆದರೆ ಅವರಿಲ್ಲ ಎಂಬ ಕಾರಣಕ್ಕೆ ತಪಾಸಣೆ ಬಿಡುವುದು, ತುರ್ತಿನಲ್ಲಿ ತಡಮಾಡುವುದು ಶರೀಅತ್ ಹೇಳಿದ್ದಲ್ಲ. ಅನಿವಾರ್ಯತೆಯಲ್ಲಿ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯಲು ಅನುಮತಿಯಿದೆ.

ದಾರಿಯನ್ನು ಮೊದಲೇ ಯೋಚಿಸಿ

ನಮ್ಮ ಊರುಗಳ ದಾರಿ ಎಲ್ಲರಿಗೂ ಗೊತ್ತು. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರು ದಶಕಗಳ ಕಾಲ ಲಾಂಚ್ ನಂಬಿ ಬದುಕಿದರು. ಕತ್ತಲಾದ ಮೇಲೆ ನೋವು ಶುರುವಾದರೆ ಆ ಮನೆಯವರ ಪಾಡು ಏನಾಗಿತ್ತೆಂದು ಅವರನ್ನೇ ಕೇಳಬೇಕು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಷ್ಟ ಬಹಳಷ್ಟು ತಪ್ಪಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಹೊಸನಗರದ ನಗರ, ನಿಟ್ಟೂರು ಕಡೆಯವರಿಗೆ, ತೀರ್ಥಹಳ್ಳಿಯ ಆಗುಂಬೆ ಕಡೆಯವರಿಗೆ ದೂರ ಇನ್ನೂ ದೂರವೇ. ಮಳೆಗಾಲದಲ್ಲಿ ಮರ ಬೀಳುತ್ತದೆ, ಘಾಟಿಯಲ್ಲಿ ಗುಡ್ಡ ಜರಿಯುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಹೆರಿಗೆಯ ನಂತರ ತೀವ್ರ ರಕ್ತಸ್ರಾವವಾದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಆಗ ದಾರಿ ಹುಡುಕಲು ಸಮಯವಿರುವುದಿಲ್ಲ.

ಆದ್ದರಿಂದ ಎಂಟನೇ ತಿಂಗಳು ಬರುವ ಮೊದಲೇ ಮನೆಯವರು ಕೂತು ಮಾತಾಡಿ. ಯಾವ ಆಸ್ಪತ್ರೆ? ಅಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್‌ಗೋ, ಘಾಟಿ ಇಳಿದು ಕೆಳಗೋ? 108ಕ್ಕೆ ಕರೆ ಮಾಡಲು ಸಿಗ್ನಲ್ ಎಲ್ಲಿ ಸಿಗುತ್ತದೆ? ಆಂಬುಲೆನ್ಸ್ ತಡವಾದರೆ ಯಾರ ಗಾಡಿ? ಅವಳ ರಕ್ತದ ಗುಂಪು ಯಾವುದು, ಆ ಗುಂಪಿನವರು ಯಾರು ಬರಬಲ್ಲರು? ಜೊತೆಗೆ ಹೋಗುವ ಹೆಂಗಸು ಯಾರು? ದೂರದ ಒಂಟಿ ಮನೆಯವರು ದಿನ ಹತ್ತಿರವಾದಂತೆ ಪೇಟೆಯ ಬಂಧುಗಳ ಮನೆಯಲ್ಲಿ ಬಂದು ಇರುವುದು ಉತ್ತಮ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನಲ್ಲಿ ಭರವಸೆ ಇಡಬೇಕೆಂದು ಕಲಿಸಿದ ಪ್ರವಾದಿ(ಸ)ರ ಸಮುದಾಯ ನಾವು. ತವಕ್ಕುಲ್ ಎಂದರೆ ಸಿದ್ಧತೆ ಇಲ್ಲದಿರುವುದಲ್ಲ.

ಈ ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಿ: ರಕ್ತ ಅಥವಾ ನೀರು ಹೋಗುವುದು, ಸಹಿಸಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದಿಕೊಳ್ಳುವುದು, ಫಿಟ್ಸ್, ಜ್ವರ, ಉಸಿರು ಕಟ್ಟುವುದು, ಮಗುವಿನ ಚಲನೆ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಹೊರಡಬೇಕು. ಫಿಟ್ಸ್ ಬಂದರೆ ಗಾಳಿ ಸೋಕಿದೆ ಎಂದು ತಾಯಿತ ಹುಡುಕುತ್ತಾ ಕೂರಬೇಡಿ. ಅದು ಏರಿದ ರಕ್ತದೊತ್ತಡದ ಲಕ್ಷಣವಾಗಿರಬಹುದು, ಪ್ರತಿ ನಿಮಿಷವೂ ಅಮೂಲ್ಯ. ದುಆ ಮಾಡಿ, ಗಾಡಿಯಲ್ಲಿ ಹೋಗುತ್ತಲೇ ಮಾಡಿ.

ಹೆರಿಗೆಯಲ್ಲಿ ಮರಣ ಹೊಂದಿದವಳಿಗೆ ಶಹೀದಳ ಸ್ಥಾನವಿದೆ ಎಂದು ಹದೀಸ್‌ನಲ್ಲಿದೆ. ಅದು ಅವಳಿಗೆ ಅಲ್ಲಾಹನು ಕೊಡುವ ಗೌರವ, ಉಳಿದವರಿಗೆ ಸಮಾಧಾನ. ನಮ್ಮ ನಿರ್ಲಕ್ಷ್ಯಕ್ಕೆ ಅದು ಪರದೆಯಾಗಬಾರದು. ಕರ್ನಾಟಕದಲ್ಲಿ 2011–13ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 133 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಪಕ್ಕದ ಕೇರಳದಲ್ಲಿ 19. ಅಂದರೆ ಇನ್ನೂ ಎಷ್ಟೋ ಜೀವಗಳನ್ನು ಉಳಿಸಲು ಸಾಧ್ಯವಿದೆ ಎಂದಾಯಿತು. ವಿಧಿ ಎಂದು ನಾವು ಕರೆಯುವ ಎಷ್ಟೋ ಸಾವುಗಳ ಹಿಂದೆ ತಡವಾದ ನಿರ್ಧಾರವಿದೆ.

ಖಲೀಫರು ಒಲೆ ಊದಿದರು

ಹಝ್ರತ್ ಉಮರ್(ರ)ರ ಕುರಿತು ಇತಿಹಾಸಕಾರರು ದಾಖಲಿಸಿರುವ ಒಂದು ಪ್ರಸಂಗವಿದೆ. ಒಂದು ರಾತ್ರಿ ಗಸ್ತು ತಿರುಗುವಾಗ ಮದೀನಾದ ಹೊರಗೆ ಒಂದು ಡೇರೆಯೊಳಗಿಂದ ನರಳುವ ದನಿ ಕೇಳಿಸಿತು. ಒಬ್ಬ ಬದವಿಯ ಹೆಂಡತಿಗೆ ಹೆರಿಗೆ ನೋವು, ಜೊತೆಗೆ ಯಾರೂ ಇಲ್ಲ. ಉಮರ್(ರ) ಮನೆಗೆ ಧಾವಿಸಿ ತಮ್ಮ ಪತ್ನಿ ಉಮ್ಮು ಕುಲ್ಸೂಮ್(ರ)ರನ್ನು ಕರೆತಂದರು. ಅವರು ಒಳಗೆ ಹೆರಿಗೆ ಮಾಡಿಸಿದರು. ಹೊರಗೆ ವಿಶಾಲ ಸಾಮ್ರಾಜ್ಯದ ಖಲೀಫರು ಬೆಂಕಿ ಉರಿಸಿ, ಹೊಗೆಯಲ್ಲಿ ಕೂತು ಬಾಣಂತಿಗಾಗಿ ಅಡುಗೆ ಬೇಯಿಸಿದರು. ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝ್ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದು ಬುಖಾರಿಯಲ್ಲಿದೆ. ಇದನ್ನು ಕೇಳಿದ ಮೇಲೂ ಬಾವಿಯಿಂದ ಎರಡು ಕೊಡ ನೀರು ಸೇದಿ ಕೊಡಲು, ಒಂದು ದಿನ ಅಡುಗೆ ಮಾಡಲು ನಾಚುವವರು ಯಾರ ಸುನ್ನತ್ ಪಾಲಿಸುತ್ತಿದ್ದಾರೆ?

ಸಹೋದರರೇ, ಈ ಜುಮಾದಿಂದ ಹೊರಡುವ ಮುನ್ನ ಮೂರು ಕೆಲಸ ನಿಶ್ಚಯಿಸೋಣ. ಮನೆಯಲ್ಲಿ ಗರ್ಭಿಣಿ ಇದ್ದರೆ ಇಂದೇ ಅವಳ ತಾಯಿ ಕಾರ್ಡ್ ತೆಗೆದು ನೋಡಿ, ಮುಂದಿನ ತಪಾಸಣೆಯ ದಿನ ಗುರುತು ಹಾಕಿ, ಆ ದಿನ ನೀವೇ ಜೊತೆಗೆ ಹೋಗಿ. ಪ್ರತಿ ಜಮಾಅತ್‌ನ ಯುವಕರು ರಕ್ತದ ಗುಂಪು ಮತ್ತು ರಾತ್ರಿ ಸಿಗುವ ಗಾಡಿಗಳ ಪಟ್ಟಿ ಮಾಡಿ ಮಸ್ಜಿದ್‌ನಲ್ಲಿ ಇಡಲಿ. ಅದು ಊರಿನ ಎಲ್ಲರಿಗೂ, ಯಾವ ಧರ್ಮದ ತಾಯಿಗೂ ಉಪಯೋಗಕ್ಕೆ ಬರಲಿ. ಮತ್ತು ಈ ರಮಝಾನ್‌ನಲ್ಲಿ ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಮನೆಯವರೆಲ್ಲರ ಮುಂದೆ ಬಾಯಿಬಿಟ್ಟು ಹೇಳಿ, ಅವಳ ಮನಸ್ಸಿನ ಭಾರ ಇಳಿಸಿ.

ಅಲ್ಲಾಹನು ನಮ್ಮ ಗರ್ಭಿಣಿ ಸಹೋದರಿಯರಿಗೆ ಆರೋಗ್ಯವನ್ನೂ ಸುಲಭ ಹೆರಿಗೆಯನ್ನೂ ದಯಪಾಲಿಸಲಿ. ಹುಟ್ಟುವ ಮಕ್ಕಳನ್ನು ಕಣ್ಮಣಿಗಳನ್ನಾಗಿ ಮಾಡಲಿ. ಮಗುವನ್ನು ಕಳೆದುಕೊಂಡ ತಾಯಂದಿರಿಗೆ ಸಹನೆ ಮತ್ತು ಉತ್ತಮ ಪ್ರತಿಫಲ ನೀಡಲಿ. ಅವರ ಸೇವೆ ಮಾಡುವ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು, ಆಂಬುಲೆನ್ಸ್ ಚಾಲಕರನ್ನು ಅನುಗ್ರಹಿಸಲಿ. ಆಮೀನ್.